ಬಿಟ್ಟಿ ಬಂದ ವ್ಯಾನಿಗೆ ಬೆಲೆ ಎಷ್ಟು?

ಇಂಗ್ಲೆಂಡಿನ ಯಾವುದೋ ಊರಾಚೆಯ ಬಯಲು. ಭಾನುವಾರದ ಬೆಳಗು, ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಸಾಲಾಗಿ ನಿಂತ ಕಾರುಗಳ ಡಿಕ್ಕಿಗಳೆಲ್ಲ ತೆರೆದಿವೆ. ಒಂದೊಂದು ಕಾರಿನ ಮುಂದೂ ಮಡಚುವ ಮೇಜು. ಅದರ ಮೇಲೆ ಅಟ್ಟದಿಂದ ಇಳಿದು ಬಂದ ಸಾಮಾನು. ಅಜ್ಜಿಯ ಕಾಲದ ಟೀ ಕಪ್ಪು, ತಂತಿ ಕಿತ್ತ ಟೇಬಲ್ ಲ್ಯಾಂಪು, ಯಾರೂ ಓದದ ಅಡುಗೆ ಪುಸ್ತಕ. ಇದು ಅಲ್ಲಿನವರ ‘ಕಾರ್ ಬೂಟ್ ಸೇಲ್’, ಮನೆ ಖಾಲಿ ಮಾಡುವವರ ಸಂತೆ.

ಮೇಜಿನ ಕೆಳಗೊಂದು ರಟ್ಟಿನ ಪೆಟ್ಟಿಗೆ. ‘ಯಾವುದಾದರೂ ಒಂದು ಪೌಂಡ್’ ಎಂದು ದಪ್ಪ ಪೆನ್ನಿನಲ್ಲಿ ಗೀಚಿದ್ದಾರೆ. ಒಳಗೆ ಅಂಗೈಯಲ್ಲಿ ಕೂರುವಷ್ಟು ಗಾತ್ರದ ಲೋಹದ ವ್ಯಾನುಗಳು. ಎಲ್ಲವೂ ನೂರು ವರ್ಷ ಹಿಂದಿನ ಮಾದರಿಯವು, ಎಲ್ಲದರ ಚಪ್ಪಟೆ ಪಕ್ಕದ ಮೇಲೂ ಒಂದೊಂದು ಹೆಸರು: ಓವಲ್ಟೀನ್, ಯಾರ್ಕ್‌ಷೈರ್ ಪೋಸ್ಟ್ ಪತ್ರಿಕೆ, ಬಿಸ್ಕತ್ತು, ಬಿಯರು, ಎಲ್ಲಿಯದೋ ಒಂದು ಬೇಕರಿ. ಬಂದವರಲ್ಲಿ ಹೆಚ್ಚಿನವರು ಅತ್ತ ಕಣ್ಣೂ ಹಾಕದೆ ದಾಟಿ ಹೋಗುತ್ತಾರೆ. ನಡುವಯಸ್ಸಿನ ಒಬ್ಬರು ಮಾತ್ರ ಮಂಡಿಯೂರಿ ಕೂತು ಒಂದೊಂದನ್ನೇ ಎತ್ತುತ್ತಾರೆ. ಮೊದಲು ನೋಡುವುದು ವ್ಯಾನಿನ ತಳ. ಆಮೇಲೆ ಚಕ್ರ. ಹೆಸರು ಓದುವುದು ಕೊನೆಗೆ.

ಆಟಿಕೆ ಕಾರು ಸಂಗ್ರಹಿಸುವವರೆಂದರೆ ಲಕ್ಷಗಟ್ಟಲೆ ಸುರಿಯುವವರು ಎಂಬ ಕಲ್ಪನೆ ನಮ್ಮಲ್ಲಿದೆ. ಈ ಗುಂಪು ಹಾಗಲ್ಲ. ಇವರು ಹುಡುಕುವುದು ಕಂಪನಿಗಳು ಬಿಟ್ಟಿ ಕೊಟ್ಟ, ಇಲ್ಲವೇ ಬಿಟ್ಟಿಗೆ ಸಮನಾದ ಬೆಲೆಗೆ ಹಂಚಿದ ಪ್ರಚಾರದ ವಾಹನಗಳನ್ನು.

ಯಾರಿಗಾಗಿ ಮಾಡಿದ ಆಟಿಕೆ?

ಒಂದು ಕೊಂಡರೆ ಇನ್ನೊಂದು ಉಚಿತ ಎಂಬುದು ನಮಗೇನೂ ಹೊಸದಲ್ಲ. ಬಿನಾಕಾ ಟೂತ್‌ಪೇಸ್ಟಿನ ಡಬ್ಬಿಯಲ್ಲಿ ಬರುತ್ತಿದ್ದ ಪುಟಾಣಿ ಪ್ಲಾಸ್ಟಿಕ್ ಪ್ರಾಣಿಗಳಿಗಾಗಿ ಹಲ್ಲುಜ್ಜಿದ ತಲೆಮಾರು ಕರ್ನಾಟಕದಲ್ಲೂ ಇದೆ. ಆದರೆ ಬಿನಾಕಾದ ಆನೆಯ ಮೈಮೇಲೆ ಬಿನಾಕಾ ಎಂದು ದೊಡ್ಡದಾಗಿ ಬರೆದಿರಲಿಲ್ಲ. ಪ್ರಚಾರದ ವ್ಯಾನಿನ ಕಥೆ ಬೇರೆ. ಅದು ಹುಟ್ಟುವುದೇ ಹೆಸರು ಹೊರುವುದಕ್ಕೆ. ಅಂಗಡಿಯವರು ಹೊಸ ವರ್ಷಕ್ಕೆ ಕೊಡುವ ಕ್ಯಾಲೆಂಡರಿನ ಜಾತಿಯದು ಅದು. ತಾರೀಖು ನೋಡುವ ನೆಪದಲ್ಲಿ ವರ್ಷವಿಡೀ ಅಂಗಡಿಯ ಹೆಸರು ಗೋಡೆಯ ಮೇಲಿರಬೇಕು, ಅಷ್ಟೇ.

ಹೀಗಾಗಿ ಈ ಆಟಿಕೆಗೆ ಇಬ್ಬರು ಗಿರಾಕಿಗಳು. ದುಡ್ಡು ಕೊಡುವ ಗಿರಾಕಿ ಬಿಸ್ಕತ್ತು ಕಂಪನಿ. ಆಡುವ ಗಿರಾಕಿ ಮಗು, ಅಥವಾ ಮಗುವಿನ ಹೆಸರು ಹೇಳಿಕೊಂಡು ಅಪ್ಪ. ಕಂಪನಿಗೆ ಬೇಕಾದದ್ದು ಅಗ್ಗದ ದರ ಮತ್ತು ಅಚ್ಚುಕಟ್ಟಾಗಿ ಕಾಣುವ ಹೆಸರು. ಬಾಗಿಲು ತೆರೆಯಬೇಕು, ಸ್ಪ್ರಿಂಗು ಇರಬೇಕು ಎಂಬ ಹಟ ಅದಕ್ಕಿಲ್ಲ. ಪ್ರಚಾರದ ವಾಹನಗಳಲ್ಲಿ ರೇಸ್ ಕಾರಿಗಿಂತ ವ್ಯಾನು, ಬಸ್ಸು, ಟ್ಯಾಂಕರುಗಳೇ ಹೆಚ್ಚಾಗಿರುವುದು ಇದಕ್ಕೇ. ಅವುಗಳ ಪಕ್ಕ ಅಗಲವಾಗಿದೆ, ಬರೆಯಲು ಜಾಗವಿದೆ.

ಮುಳುಗಿದ ಕಾರ್ಖಾನೆಯಿಂದ ಎದ್ದದ್ದು

ಆ ರಟ್ಟಿನ ಪೆಟ್ಟಿಗೆಯಲ್ಲಿರುವ ವ್ಯಾನುಗಳಲ್ಲಿ ಬಹುಪಾಲು ‘ಲೆಡೊ’ ಎಂಬ ಒಂದೇ ಕಂಪನಿಯವು. ಅದರ ಹಿಂದಿರುವವರು ಜಾಕ್ ಓಡೆಲ್. ಮ್ಯಾಚ್‌ಬಾಕ್ಸ್ ಕಾರುಗಳ ಹೆಸರು ಕೇಳದವರು ಕಡಿಮೆ. ಆ ಕಾರುಗಳಿಗೆ ರೂಪ ಕೊಟ್ಟ ಎಂಜಿನಿಯರ್ ಇವರೇ.

ಆ ಕಾರುಗಳನ್ನು ತಯಾರಿಸಿದ ಲೆಸ್ನಿ ಎಂಬ ಕಂಪನಿ ಲಂಡನ್ನಿನಲ್ಲಿ 1947ರಲ್ಲಿ ಒಂದು ಪಾಳುಬಿದ್ದ ಪಬ್ಬಿನಲ್ಲಿ ಶುರುವಾಯಿತು. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಸಾರೋಟಿನ ಪುಟ್ಟ ಮಾದರಿ ಹತ್ತು ಲಕ್ಷಕ್ಕೂ ಹೆಚ್ಚು ಖರ್ಚಾಗಿ ಕಂಪನಿಯ ಕೈ ತುಂಬಿತು. ಓಡೆಲ್ ಅವರ ಮಗಳ ಶಾಲೆಯಲ್ಲಿ ಬೆಂಕಿಪೊಟ್ಟಣದೊಳಗೆ ಹಿಡಿಸುವಷ್ಟು ಚಿಕ್ಕ ಆಟಿಕೆ ತರಲು ಮಾತ್ರ ಅನುಮತಿ. ಅದಕ್ಕೆಂದು ಅಪ್ಪ ಮಾಡಿಕೊಟ್ಟ ರೋಡ್ ರೋಲರೇ ಮ್ಯಾಚ್‌ಬಾಕ್ಸ್ ಸರಣಿಗೆ ದಾರಿಯಾಯಿತು ಎಂಬುದು ಈ ಲೋಕದಲ್ಲಿ ಎಲ್ಲರ ಬಾಯಲ್ಲೂ ಇರುವ ಕಥೆ.

ಮೂರು ದಶಕದ ಮೇಲೆ ಲೆಸ್ನಿ ಸಾಲದಲ್ಲಿ ಮುಳುಗಿತು. 1982ರಲ್ಲಿ ಮ್ಯಾಚ್‌ಬಾಕ್ಸ್ ಹೆಸರನ್ನು ಹಾಂಗ್‌ಕಾಂಗ್ ಮೂಲದ ಯೂನಿವರ್ಸಲ್ ಕೊಂಡುಕೊಂಡಿತು, ತಯಾರಿಕೆ ಕ್ರಮೇಣ ಪೂರ್ವ ಏಷ್ಯಾಕ್ಕೆ ಹೋಯಿತು. ಓಡೆಲ್ ಅವರಿಗೆ ಆಗ 62 ವರ್ಷ. ಮನೆಯಲ್ಲಿ ಕೂರಬಹುದಿತ್ತು. ಹಳೆಯ ಕಾರ್ಖಾನೆಯ ಕೆಲವು ಯಂತ್ರಗಳನ್ನು ಕೊಂಡು, ಲಂಡನ್ನಿನ ಎನ್‌ಫೀಲ್ಡ್‌ನಲ್ಲಿ ಹೊಸ ಕಂಪನಿ ತೆರೆದರು. ತಮ್ಮ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನೇ ಹಿಂದುಮುಂದಾಗಿ ಬರೆದು ಲೆಡೊ ಎಂದಿಟ್ಟರು. 1983ರಲ್ಲಿ ‘ಡೇಸ್ ಗಾನ್’ ಸರಣಿ ಹೊರಬಂತು: ಕುದುರೆ ಟ್ರಾಮು, ಹಾಲಿನ ಗಾಡಿ, ಕುದುರೆ ಎಳೆಯುವ ಅಗ್ನಿಶಾಮಕ ಗಾಡಿ ಮೊದಲಾದವು, ಮತ್ತು ಆರನೆಯದಾಗಿ 1920ರ ಫೋರ್ಡ್ ಮಾಡೆಲ್ ಟಿ ವ್ಯಾನು.

ಕಂಪನಿಯನ್ನು ಸಾಕಿದ್ದು ಆ ಆರನೆಯದು.

ಅಚ್ಚು ಒಂದು, ವೇಷ ನೂರಾರು

ಲೋಹದ ಆಟಿಕೆಯ ಲೆಕ್ಕಾಚಾರ ಗೊತ್ತಾದರೆ ಇಡೀ ಕಥೆ ಬಿಡಿಸಿಕೊಳ್ಳುತ್ತದೆ. ಇಲ್ಲಿ ಬಳಸುವುದು ಕಬ್ಬಿಣವಲ್ಲ, ಸತುವಿನ ಮಿಶ್ರಲೋಹ. ಜೊತೆಗೆ ಸುಮಾರು ನೂರಕ್ಕೆ ನಾಲ್ಕು ಪಾಲು ಅಲ್ಯೂಮಿನಿಯಂ. ಇದು 400 ಡಿಗ್ರಿ ಸೆಲ್ಸಿಯಸ್‌ಗೂ ಮೊದಲೇ ಕರಗುತ್ತದೆ. ಕರಗಿದ ಲೋಹವನ್ನು ಒತ್ತಡದಲ್ಲಿ ಉಕ್ಕಿನ ಅಚ್ಚಿನೊಳಗೆ ನುಗ್ಗಿಸಿದರೆ ಕ್ಷಣಗಳಲ್ಲಿ ಗಟ್ಟಿಯಾಗಿ ವ್ಯಾನಿನ ಮೈ ಹೊರಬರುತ್ತದೆ. ಲೋಹ ಅಗ್ಗ, ಸಮಯ ಅಲ್ಪ. ದುಬಾರಿಯೆಂದರೆ ಅಚ್ಚು. ನುರಿತ ಕೆಲಸಗಾರರು ತಿಂಗಳುಗಟ್ಟಲೆ ಕೊರೆದು ತಿದ್ದಬೇಕಾದ ಉಕ್ಕಿನ ಅಚ್ಚಿಗೆ ಹಾಕಿದ ಬಂಡವಾಳ ವಾಪಸ್ ಬರಬೇಕಾದರೆ ಅದರಿಂದ ಲೆಕ್ಕವಿಲ್ಲದಷ್ಟು ವ್ಯಾನು ತೆಗೆಯಲೇಬೇಕು.

ಒಂದೇ ವ್ಯಾನನ್ನು ಒಬ್ಬರೇ ಎಷ್ಟು ಸಲ ಕೊಳ್ಳುತ್ತಾರೆ? ಬಣ್ಣ, ಬರಹ ಬದಲಾದರೆ ಎಷ್ಟು ಸಲವಾದರೂ ಕೊಳ್ಳುತ್ತಾರೆ. ಓಡೆಲ್ ಹಿಡಿದ ದಾರಿ ಇದು. ಅದೇ ಮೈ, ಅದೇ ತಳ. ಛಾವಣಿಯೊಂದು ಬೇರೆ ಬಣ್ಣದ ಪ್ಲಾಸ್ಟಿಕ್, ಚಕ್ರ ಒಮ್ಮೆ ಕೆಂಪು ಒಮ್ಮೆ ಚಿನ್ನದ ಬಣ್ಣ, ಪಕ್ಕದ ಮೇಲೆ ಹೊಸ ಹೆಸರು. ಮಾಡೆಲ್ ಟಿ ವ್ಯಾನೊಂದೇ ಹೀಗೆ ನೂರಾರು ಅವತಾರ ತಾಳಿತು. ವ್ಯಾನು, ಬಸ್ಸು, ಕುದುರೆ ಗಾಡಿ ಎಲ್ಲವೂ ಒಂದೇ ಗಾತ್ರದ ಡಬ್ಬಿಯಲ್ಲಿ ಕೂರಬೇಕಾದ್ದರಿಂದ ಅಳತೆಯ ಅನುಪಾತಕ್ಕೆ ಇಲ್ಲಿ ಬೆಲೆಯಿಲ್ಲ. ಪಕ್ಕಪಕ್ಕ ಇಟ್ಟರೆ ಬಸ್ಸು ಬಡವಾಗಿ, ವ್ಯಾನು ಬೊಜ್ಜು ಬಂದಂತೆ ಕಾಣುತ್ತದೆ. ಅಚ್ಚುಕಟ್ಟಿನ ಮಾದರಿ ಬೇಕೆನ್ನುವವರು ಈ ವ್ಯಾನುಗಳನ್ನು ನೋಡಿ ಮೂಗು ಮುರಿಯುವುದೂ ಇದಕ್ಕೇ.

ಹೆಸರು ಅಚ್ಚಾಗುವ ರೀತಿಯನ್ನು ಹತ್ತಿರದಿಂದ ನೋಡುವುದು ಲೇಸು. ಅದನ್ನು ಟ್ಯಾಂಪೋ ಮುದ್ರಣ ಎನ್ನುತ್ತಾರೆ. ಲೋಹದ ತಗಡಿನ ಮೇಲೆ ಚಿತ್ರವನ್ನು ತೆಳುವಾಗಿ ಕೊರೆದಿರುತ್ತಾರೆ. ಅದರ ಮೇಲೆ ಶಾಯಿ ಸವರಿ, ಅಲುಗಿನಿಂದ ಗೀರಿ ತೆಗೆದರೆ ಕೊರೆದ ಗೆರೆಗಳಲ್ಲಿ ಮಾತ್ರ ಶಾಯಿ ಉಳಿಯುತ್ತದೆ. ಮೆತ್ತನೆಯ ಸಿಲಿಕೋನ್ ಗುಂಡು ಬಂದು ತಗಡಿನ ಮೇಲೆ ಒತ್ತಿ, ಆ ಶಾಯಿಯನ್ನು ಎತ್ತಿಕೊಂಡು, ಪಕ್ಕಕ್ಕೆ ಸರಿದು, ವ್ಯಾನಿನ ಮೇಲೆ ಒತ್ತುತ್ತದೆ. ಗುಂಡು ಮೆತ್ತಗಿರುವುದರಿಂದ ಬಾಗಿದ ಜಾಗಕ್ಕೂ, ಉಬ್ಬಿದ ಅಂಚಿಗೂ ಶಾಯಿ ಹತ್ತುತ್ತದೆ. ಒಂದು ಸಲಕ್ಕೆ ಒಂದೇ ಬಣ್ಣ. ಕೆಂಪಿಗೆ ಒಂದು ತಗಡು, ಚಿನ್ನದ ಗೆರೆಗೆ ಇನ್ನೊಂದು, ಎಡಬಲ ಎರಡಕ್ಕೂ ಪ್ರತ್ಯೇಕ ಒತ್ತು.

ಇಷ್ಟು ತಿಳಿದರೆ ವ್ಯಾನು ನೋಡಿಯೇ ದುಡ್ಡು ಕೊಟ್ಟವರ ಕೈ ಎಷ್ಟು ಉದಾರವಾಗಿತ್ತು ಎಂದು ಹೇಳಬಹುದು. ನಾಲ್ಕು ಬಣ್ಣದ ಲಾಂಛನ, ಬಾಗಿಲ ಮೇಲೂ ಹೆಸರು, ಅಂಚಿಗೆ ಚಿನ್ನದ ಗೆರೆ ಇದ್ದರೆ ದೊಡ್ಡ ಕುಳ. ಒಂದೇ ಬಣ್ಣದಲ್ಲಿ ‘ನಮ್ಮ 25ನೇ ವರ್ಷ’ ಎಂದಷ್ಟೇ ಇದ್ದರೆ ಊರಿನ ಹಾರ್ಡ್‌ವೇರ್ ಅಂಗಡಿ.

ಹಿಂದೆಲ್ಲ ಹೆಸರು ಹಾಕುವುದು ಇಷ್ಟು ಸುಲಭವಿರಲಿಲ್ಲ. 1930ರ ದಶಕದಲ್ಲಿ ಲಿವರ್‌ಪೂಲಿನ ಡಿಂಕಿ ಕಂಪನಿ ಆಕ್ಸೊ, ಕೊಡ್ಯಾಕ್, ಹಾರ್ಟ್ಲೀಸ್ ಜಾಮ್ ಹೆಸರಿನ ವ್ಯಾನುಗಳನ್ನು ತಂದಾಗ ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರಗಳನ್ನು ಕೈಯಿಂದಲೇ ಕೂರಿಸಬೇಕಿತ್ತು. ಟ್ಯಾಂಪೋ ಬಂದ ಮೇಲೆ ಸಣ್ಣ ಆರ್ಡರೂ ಗಿಟ್ಟತೊಡಗಿತು. ಲೆಡೊ ತನ್ನ ಅಂಗಡಿ ಮಾಲಿಗೆ ಡಿಜಿ, ಆರ್ಡರಿನ ಮೇಲೆ ಮಾಡಿದ ಪ್ರಚಾರದ ಮಾಲಿಗೆ ಎಲ್‌ಪಿ ಎಂದು ಬೇರೆ ಬೇರೆ ಲೆಕ್ಕ ಇಟ್ಟಿತು.

ಇಲ್ಲೊಂದು ತಮಾಷೆಯೂ ಇದೆ. ನಿನ್ನೆ ಮೊನ್ನೆ ಶುರುವಾದ ಕಂಪನಿ ತನ್ನ ಹೆಸರನ್ನು 1920ರ ವ್ಯಾನಿನ ಮೇಲೆ ಹಾಕಿಸಿಕೊಂಡರೆ, ಅಜ್ಜನ ಕಾಲದಿಂದ ವ್ಯಾಪಾರ ಮಾಡುತ್ತಿರುವ ಮನೆತನದಂತೆ ಕಾಣುತ್ತದೆ. ಇಲ್ಲದ ಇತಿಹಾಸವನ್ನು ಇಷ್ಟು ಅಗ್ಗವಾಗಿ ಕೊಳ್ಳುವ ದಾರಿ ಇನ್ನೊಂದಿರಲಿಲ್ಲ.

ಚೀಟಿ ಕತ್ತರಿಸಿ, 28 ದಿನ ಕಾಯಿರಿ

ವ್ಯಾನು ಮನೆಗೆ ಬರುತ್ತಿದ್ದದ್ದು ಹಲವು ದಾರಿಯಲ್ಲಿ. ಬ್ರಿಟನ್ನಿನಲ್ಲಿ ಹೆಚ್ಚು ನಡೆದದ್ದು ಚೀಟಿಯ ಪದ್ಧತಿ. ಚಹಾ ಪೊಟ್ಟಣದ ಅಥವಾ ಬೆಳಗಿನ ತಿಂಡಿಯ ಡಬ್ಬಿಯ ಹಿಂದೆ ಅಚ್ಚಾದ ಚೀಟಿಗಳನ್ನು ಕತ್ತರಿಸಿ, ಹೇಳಿದಷ್ಟು ಕೂಡಿಸಿ, ಅಂಚೆ ಖರ್ಚಿಗೆಂದು ಸ್ವಲ್ಪ ಹಣ ಸೇರಿಸಿ ಕಳಿಸಬೇಕು. ‘28 ದಿನ ಕಾಲಾವಕಾಶ ಕೊಡಿ’ ಎಂಬ ಸಾಲು ಕೆಳಗೆ ಇದ್ದೇ ಇರುತ್ತಿತ್ತು. ಆ ಚೀಟಿಗಳಿಗಾಗಿ ಮನೆಯವರೆಲ್ಲ ಅದೇ ಚಹಾ ಕುಡಿಯಬೇಕು. ಕಂಪನಿ ದುಡ್ಡು ಸುರಿದದ್ದು ಆ ಹಟಕ್ಕಾಗಿಯೇ. ಉಳಿದಂತೆ ಪತ್ರಿಕೆಗಳು ಏಜೆಂಟರಿಗೆ ಕೊಟ್ಟವು, ಬ್ಯಾಂಕುಗಳು ಹೊಸ ಖಾತೆಗೆ ಕೊಟ್ಟವು, ಕಾರ್ಖಾನೆಗಳು ನಿವೃತ್ತರಾದವರಿಗೆ ಕೊಟ್ಟವು.

ಅಮೆರಿಕದಲ್ಲಿ ದಾರಿಗಳೇ ಬೇರೆ. ಅಲ್ಲಿ ಕಾರಿನ ಷೋರೂಮುಗಳೇ ಆಟಿಕೆ ಹಂಚುತ್ತಿದ್ದವು. 1948ರಲ್ಲಿ ಶುರುವಾದ ಎಎಂಟಿ ಕಂಪನಿ ಆ ವರ್ಷದ ಹೊಸ ಕಾರುಗಳನ್ನು 25ನೇ ಒಂದರಷ್ಟು ಗಾತ್ರಕ್ಕೆ ಇಳಿಸಿ, ಕಾರ್ಖಾನೆಯ ಅಸಲಿ ಬಣ್ಣಗಳಲ್ಲೇ ಮಾಡಿ ಕೊಡುತ್ತಿತ್ತು. ಅಪ್ಪ ಕಾರಿನ ಸ್ಟಿಯರಿಂಗ್ ಹಿಡಿದು ನೋಡುವಷ್ಟರಲ್ಲಿ ಮಗನ ಕೈಗೆ ಅದೇ ಕಾರಿನ ಮರಿ ಬಂದಿರುತ್ತಿತ್ತು. ವ್ಯಾಪಾರ ಕುದುರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ವಕೀಲ ಬೇಕೇ? ಆ ಕಾಲದ ಪ್ಲಾಸ್ಟಿಕ್ ವರ್ಷ ಕಳೆದಂತೆ ಸೊಟ್ಟಗಾಗುತ್ತಿತ್ತು. ಬಾನೆಟ್ಟು ಮೇಲೆದ್ದ, ನಡು ಬಗ್ಗಿದ ಕಾರುಗಳು ಈಗಲೂ ಸಿಗುತ್ತವೆ. ಹೆಸ್ ಪೆಟ್ರೋಲ್ ಬಂಕುಗಳು 1964ರಿಂದ ಬಹುತೇಕ ಪ್ರತಿ ವರ್ಷಾಂತ್ಯಕ್ಕೆ ತಮ್ಮದೇ ಹಸಿರು ಬಿಳಿ ಆಟಿಕೆ ಲಾರಿ ಮಾರಿದವು. ಮೊದಲ ಟ್ಯಾಂಕರಿನ ಬೆಲೆ 1.29 ಡಾಲರ್, ದೀಪ ಬೆಳಗುವ ಬ್ಯಾಟರಿಯೂ ಸೇರಿ.

ತಳ ತಿರುಗಿಸಿ ನೋಡುವುದು ಏಕೆ?

ಸಂಗ್ರಾಹಕರ ಲೋಕಕ್ಕೆ ಬಂದರೆ ಮೂರು ಸಂಖ್ಯೆಗಳು ಮೊದಲು ಕಿವಿಗೆ ಬೀಳುತ್ತವೆ. ಕಂಪನಿಯೇ ಮಾಡಿ ಕಂಪನಿಯೇ ಹೆಸರು ಅಚ್ಚುಹಾಕಿದ್ದರೆ ಕೋಡ್ 1. ಕಂಪನಿಯ ಒಪ್ಪಿಗೆ ಪಡೆದು ಬೇರೆಯವರು ಬಣ್ಣ ಬರಹ ಹಾಕಿದ್ದರೆ ಕೋಡ್ 2. ಯಾರನ್ನೂ ಕೇಳದೆ, ಖಾಲಿ ವ್ಯಾನು ಕೊಂಡು ಮನೆಯಲ್ಲೇ ಚೀಟಿ ಅಂಟಿಸಿದ್ದರೆ ಕೋಡ್ 3. ಮೂರನೆಯದನ್ನು ಕಂಡರೆ ಕೆಲವರು ಉರಿದುಬೀಳುತ್ತಾರೆ. ಊರಿನ ಜಾತ್ರೆಗೆಂದು, ರೈಲ್ವೆ ಅಭಿಮಾನಿಗಳ ಸಭೆಗೆಂದು ಯಾರೋ ಅಡುಗೆ ಮನೆಯ ಮೇಜಿನ ಮೇಲೆ ಮಾಡಿದ ಐವತ್ತು ವ್ಯಾನುಗಳಲ್ಲಿ ಕಾರ್ಖಾನೆಯ ಮಾಲಿಗಿಂತ ಹೆಚ್ಚು ಜೀವ ಇರುತ್ತದೆ ಎಂಬುದು ನನ್ನ ಅನಿಸಿಕೆ. ಅಸಲಿ ಎಂದು ಮಾರದಿದ್ದರೆ ಸಾಕು.

ತಳ ನೋಡುವುದು ತಯಾರಿಕೆಯ ಕಾಲ ಹಿಡಿಯುವುದಕ್ಕೆ. ಅಚ್ಚು ಸವೆದಾಗ, ಅಕ್ಷರ ತಿದ್ದಿದಾಗ ತಳದ ಬರಹ ಬದಲಾಗುತ್ತದೆ. ಚಕ್ರದಲ್ಲೂ ಅಷ್ಟೇ: ಮಾಡೆಲ್ ಟಿಗೆ 12 ಕಡ್ಡಿಯ ಚಕ್ರ ಇದೆಯೋ 20 ಕಡ್ಡಿಯದೋ ಎಂದು ಭೂತಗನ್ನಡಿ ಹಿಡಿದು ಎಣಿಸುವವರಿದ್ದಾರೆ. ಮೇಲೆ ಒಂದೇ ಹೆಸರಿದ್ದರೂ ಚಕ್ರ ಬೇರೆಯಾದರೆ ಅದು ಪಟ್ಟಿಯಲ್ಲಿ ಇನ್ನೊಂದು ನಮೂದು, ಕಪಾಟಿನಲ್ಲಿ ಇನ್ನೊಂದು ವ್ಯಾನು.

ಮೋಸಕ್ಕೂ ಇಲ್ಲಿ ಹಾದಿಯಿದೆ. ‘ಒಂದು ಪಕ್ಕದ ಹೆಸರು ಅಚ್ಚಾಗದೆ ತಪ್ಪಿಹೋದ ಅಪರೂಪದ ವ್ಯಾನು’ ಎಂದು ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಹುಷಾರು. ಉಗುರಿನ ಬಣ್ಣ ಅಳಿಸುವ ದ್ರಾವಣದಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಉಜ್ಜಿದರೆ ಟ್ಯಾಂಪೋ ಶಾಯಿ ಅಳಿಸಿಹೋಗುತ್ತದೆ. ಅಳಿಸಿದ ಜಾಗದ ಹೊಳಪು ಸುತ್ತಲಿನ ಬಣ್ಣದ ಹೊಳಪಿಗಿಂತ ಚೂರು ಮಂಕು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅಳಿದ ಅಕ್ಷರದ ನೆರಳೂ ಕಾಣಬಹುದು.

ಜೋಪಾನ ಮಾಡಿದ್ದು ಅಗ್ಗ, ಒಡೆದದ್ದು ದುಬಾರಿ

ಈಗ ಬೆಲೆಯ ಮಾತು. 1980ರ ದಶಕದ ಬ್ರಿಟನ್ನಿನಲ್ಲಿ ಹಳೆಯ ಡಿಂಕಿ ಕಾರುಗಳಿಗೆ ಹರಾಜಿನಲ್ಲಿ ಒಳ್ಳೆಯ ಬೆಲೆ ಬರತೊಡಗಿತ್ತು. ಅದನ್ನು ಕಂಡವರು ಹೊಸ ವ್ಯಾನುಗಳನ್ನೂ ಕೊಂಡು, ಡಬ್ಬಿ ತೆರೆಯದೆ ಅಟ್ಟಕ್ಕೇರಿಸಿದರು. ಮಕ್ಕಳ ಓದಿಗೆ, ಮದುವೆಗೆ ಆಗುತ್ತದೆ ಎಂಬ ಆಸೆ. ಕಂಪನಿಗಳೂ ‘ಸೀಮಿತ ಸಂಖ್ಯೆ’ ಎಂದು ಸರ್ಟಿಫಿಕೇಟು ಜೋಡಿಸಿ ಆ ಆಸೆಗೆ ಗಾಳಿ ಹಾಕಿದವು. ನನಗಂತೂ ಆಟಿಕೆಯ ಜೊತೆ ಸರ್ಟಿಫಿಕೇಟು ಕಂಡರೆ ಅನುಮಾನ ಮೊದಲು, ಸಂತೋಷ ಆಮೇಲೆ.

ಅವರು ಮರೆತ ಸಂಗತಿ ಒಂದಿತ್ತು. ಡಿಂಕಿ ವ್ಯಾನಿಗೆ ಬೆಲೆ ಬಂದದ್ದು ಅದು ಹಳೆಯದೆಂದಲ್ಲ, ಉಳಿಯಲಿಲ್ಲವೆಂದು. ಮಕ್ಕಳು ಮಣ್ಣಲ್ಲಿ ಉರುಳಿಸಿ ಕೆಡಿಸಿದರು. ಎರಡನೇ ಮಹಾಯುದ್ಧದಲ್ಲಿ ಇನ್ನಷ್ಟು ಕಳೆದುಹೋದವು. ಮುಟ್ಟದೆ ಇಟ್ಟವನ್ನೂ ಲೋಹದ ರೋಗ ತಿಂದಿತು: ಸತುವಿನಲ್ಲಿ ಸೀಸದ ಚೂರು ಕಲಬೆರಕೆಯಾದರೆ ವರ್ಷಗಳ ಮೇಲೆ ಒಳಗಿನಿಂದಲೇ ಸವೆತ ಹತ್ತಿ ಮೈ ಊದಿಕೊಂಡು, ಬಿರುಕು ಬಿಟ್ಟು, ಕೊನೆಗೆ ಬೆರಳು ಸೋಕಿದರೆ ಪುಡಿಯಾಗುತ್ತದೆ. ಹೀಗೆ ಎಲ್ಲವನ್ನೂ ದಾಟಿ ಬಂದ, ಲಂಡನ್ನಿನ ಒಂದು ಸೈಕಲ್ ಅಂಗಡಿಗಾಗಿ ಮಾಡಿದ ಡಬ್ಲ್ಯೂ. ಇ. ಬಾಯ್ಸ್ ಹೆಸರಿನ 1930ರ ದಶಕದ ಡಿಂಕಿ ವ್ಯಾನು 2008ರ ಹರಾಜಿನಲ್ಲಿ ಸುಮಾರು 20 ಸಾವಿರ ಪೌಂಡಿಗೆ ಹೋಯಿತು. ಅದೂ ಪ್ರಚಾರದ ವ್ಯಾನೇ.

ಲೆಡೊ ವ್ಯಾನುಗಳಿಗೆ ಇಂಥ ಯಾವ ಕಷ್ಟವೂ ಬರಲಿಲ್ಲ. ಲೋಹ ಶುದ್ಧ, ಕೊಂಡವರು ದೊಡ್ಡವರು, ಡಬ್ಬಿ ಭದ್ರ. ಹುಟ್ಟಿದವುಗಳಲ್ಲಿ ಹೆಚ್ಚಿನವು ಇನ್ನೂ ಇವೆ, ಕೊಂಡವರೇ ಈಗ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಅವರ ಮಕ್ಕಳು ಮನೆ ಖಾಲಿ ಮಾಡುವಾಗ ಪೆಟ್ಟಿಗೆಗಟ್ಟಲೆ ಒಮ್ಮೆಗೇ ಸಂತೆಗೆ ಬರುತ್ತವೆ. ಜರ್ಮನಿಯಲ್ಲಿ ಬಿಯರ್ ಕಂಪನಿಗಳು ಬಾಟಲಿ ಕ್ರೇಟಿನ ಜೊತೆ ಕೊಡುತ್ತಿದ್ದ ಪ್ಲಾಸ್ಟಿಕ್ ಲಾರಿಗಳ ಪಾಡೂ ಇದೇ ಆಯಿತು. ಒಂದು ಕಾಲಕ್ಕೆ ಅವಕ್ಕಾಗಿ ಜನ ಮುಗಿಬಿದ್ದರು. ಈಗ ನೂರರ ಲೆಕ್ಕದಲ್ಲಿ ಸಗಟಾಗಿ ಮಾರಿದರೂ ಕೊಳ್ಳುವವರನ್ನು ಹುಡುಕಬೇಕು.

ಅಪರೂಪವಾದದ್ದೆಲ್ಲ ದುಬಾರಿ ಎಂದೂ ಅಲ್ಲ. ಒಂದು ಊರಿನ ಬೇಕರಿಗೆಂದು ಕೆಲವೇ ನೂರು ವ್ಯಾನು ಮಾಡಿರಬಹುದು. ಉಳಿದವು ಇನ್ನೂ ಕಡಿಮೆ ಇರಬಹುದು. ಆದರೆ ಆ ಬೇಕರಿಯ ಬನ್ನು ತಿಂದು ಬೆಳೆದವರ ಹೊರತು ಬೇರೆ ಯಾರಿಗೆ ಬೇಕು ಅದು? ಬೆಲೆ ಏರಬೇಕಾದರೆ ಬೇಕೆನ್ನುವವರು ಇಬ್ಬರಾದರೂ ಇರಬೇಕು. ಲೆಡೊ ಕಂಪನಿಯೇ 1999ರಲ್ಲಿ ದಿವಾಳಿಯಾಗಿ ಹೆಸರು ಕಾರ್ಗಿ ಕಂಪನಿಯ ಪಾಲಾಯಿತು. ಓಡೆಲ್ 2007ರಲ್ಲಿ ತೀರಿಕೊಂಡರು.

ಕೊಳ್ಳಬೇಕೆನ್ನುವವರಿಗೆ

ಲಾಭದ ಲೆಕ್ಕ ಬಿಟ್ಟವರಿಗೆ ಇದು ಸುಗ್ಗಿಯ ಕಾಲ. ಪಕ್ಕದ ಮೇಲಿನ ಹೆಸರುಗಳನ್ನು ಓದುತ್ತ ಹೋದರೆ ಬ್ರಿಟನ್ನಿನ ಪೇಟೆ ಬೀದಿಯೇ ಕಣ್ಮುಂದೆ ಬರುತ್ತದೆ. ಈವನಿಂಗ್ ನ್ಯೂಸ್ ಲಂಡನ್ನಿನ ಸಂಜೆ ಪತ್ರಿಕೆ, 1980ರಲ್ಲೇ ನಿಂತುಹೋಗಿತ್ತು. ಲೆಡೊ ಅದರ ಹೆಸರನ್ನು ಫೋರ್ಡ್ ವ್ಯಾನಿನ ಮೇಲೆ ಹಾಕಿದ್ದು ಆಮೇಲೆ. ವಿಲೀನವಾದ ಬ್ಯಾಂಕು, ಮುಚ್ಚಿದ ಬಿಯರ್ ಭಟ್ಟಿ, ಮಾರಿಹೋದ ಹಾಲಿನ ಡೈರಿಗಳ ಹೆಸರೂ ಇಲ್ಲಿ ಸಿಗುತ್ತದೆ. ಸಣ್ಣ ಅಂಗಡಿಯ ಇತಿಹಾಸವನ್ನು ಯಾರೂ ಬರೆದಿಡುವುದಿಲ್ಲ, ಅದರ ವ್ಯಾನು ಮಾತ್ರ ಒಂದು ಪೌಂಡಿಗೆ ಸಿಗುತ್ತದೆ. ಹೀಗೆ ಒಂದೇ ಊರಿನ, ಅಥವಾ ಬರೀ ಚಹಾ ಕಂಪನಿಗಳ, ಅಥವಾ ಪತ್ರಿಕೆಗಳ ವ್ಯಾನನ್ನಷ್ಟೇ ಕೂಡಿಸುವವರ ಸಂಗ್ರಹ ನೋಡಲು ಚೆನ್ನ. ಎಲ್ಲವನ್ನೂ ಕೊಂಡವರದು ಗೋದಾಮು.

ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಅಂತರ್ಜಾಲದಲ್ಲಿ ತರಿಸುವವರಿಗೆ ಅಂಚೆ ಖರ್ಚು ಮತ್ತು ಸುಂಕವೇ ವ್ಯಾನಿನ ಬೆಲೆಯನ್ನು ಹಿಂದೆ ಹಾಕುತ್ತದೆ. ಲಂಡನ್, ಮ್ಯಾಂಚೆಸ್ಟರ್ ಕಡೆಯ ನೆಂಟರು ಊರಿಗೆ ಬರುವಾಗ ಸೂಟ್‌ಕೇಸಿನ ಮೂಲೆಯಲ್ಲಿ ತರಿಸಿಕೊಳ್ಳುವುದೇ ಮೇಲು. ನಮ್ಮ ದೇಶದ್ದೇ ಬೇಕೆಂದರೆ ಡಿಂಕಿಯ ಅಚ್ಚುಗಳು 1960ರ ದಶಕದ ಕೊನೆಯಲ್ಲಿ ಕಲ್ಕತ್ತಾಕ್ಕೆ ಬಂದು ‘ನಿಕಿ’ ಹೆಸರಿನಲ್ಲಿ ತಯಾರಾದವು. ಇಲ್ಲಿನ ಮಕ್ಕಳು ಅವನ್ನು ಚೆನ್ನಾಗಿ ಆಡಿ ಮುಗಿಸಿದ್ದರಿಂದ ಡಬ್ಬಿ ಸಮೇತ ಸಿಕ್ಕರೆ ಕಾಸು ಬಿಚ್ಚಬೇಕಾಗುತ್ತದೆ.

ಮನೆಗೆ ತಂದ ಮೇಲೆ ಬಿಸಿಲು ತಾಗದ ಕಪಾಟಿನಲ್ಲಿಡಿ. ಮೊದಲು ಬಣ್ಣಗೆಡುವುದು ಪ್ಲಾಸ್ಟಿಕ್ ಛಾವಣಿ. ಡಬ್ಬಿ ಕಟ್ಟಲು ರಬ್ಬರ್ ಬ್ಯಾಂಡ್ ಹಾಕಬೇಡಿ, ನಮ್ಮ ಸೆಕೆಗೆ ಕರಗಿ ಅಂಟಿಕೊಳ್ಳುತ್ತದೆ. ಯುದ್ಧಪೂರ್ವದ ಹಳೆಯ ಆಟಿಕೆಗಳಿದ್ದರೆ ಮಕ್ಕಳ ಕೈಗೆ ಕೊಡಬೇಡಿ, ಆ ಕಾಲದ ಬಣ್ಣದಲ್ಲಿ ಸೀಸ ಇರುತ್ತಿತ್ತು. ಲೆಡೊ ವ್ಯಾನನ್ನು ಚೂರುಪಾರು ಬಾಯಿಗೆ ಹಾಕದ ವಯಸ್ಸಿನ ಮಗು ಕೇಳಿದರೆ ಡಬ್ಬಿ ಬಿಚ್ಚಿ ಕೊಟ್ಟುಬಿಡಿ. ಅದು ಮುರಿದರೆ ಅದೇ ಹೆಸರಿನ ಇನ್ನೊಂದು, ಸರ್ಟಿಫಿಕೇಟಿನ ಸಮೇತ, ಮುಂದಿನ ಭಾನುವಾರದ ಸಂತೆಯಲ್ಲಿ ಇದ್ದೇ ಇರುತ್ತದೆ.